ಮುಕ್ಕಾಲು ಮಂದಿಯನ್ನು ಅಳಿಸಿಬಿಡಿ

ಶಿರೋಳ ಎಂದರೆ ನರಗುಂದ ಸೀಮೆಯವರಿಗೆ ಮೊದಲು ನೆನಪಾಗುವುದು ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ. ಕಲ್ಲು, ಕಂಬ, ಶಾಸನಗಳ ಮಾತು ಆಮೇಲೆ. ಆದರೆ ನಕಾಶೆಯಲ್ಲಿ ಈ ಊರಿನ ಮೇಲೆ ಬೆರಳಿಟ್ಟು ಸುತ್ತ ಒಂದು ಗೆರೆ ಎಳೆದು ನೋಡಬೇಕು. ಮಲಪ್ರಭೆ ದಾಟಿದರೆ ಬಾದಾಮಿ, ಹೊಳೆಗುಂಟ ಸಾಗಿದರೆ ಪಟ್ಟದಕಲ್ಲು, ಐಹೊಳೆ. ರೋಣದ ಕಡೆ ಹೊರಳಿದರೆ ಸೂಡಿ, ನರೇಗಲ್ಲು. ಗದಗು ದಾಟಿದರೆ ಲಕ್ಕುಂಡಿ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಹಳೆಯ ಗುಡಿಗಳು ಒತ್ತೊತ್ತಾಗಿ ನಿಂತಿರುವ ಸೀಮೆ ದೇಶದಲ್ಲಿ ಹೆಚ್ಚಿಲ್ಲ. ಹೆಸರಿಲ್ಲದ ಊರುಗಳಲ್ಲೂ ಅಗಸಿಯ ಪಕ್ಕಕ್ಕೆ ಒರಗಿದ ಒಂದು ವೀರಗಲ್ಲು, ಹನುಮಪ್ಪನ ಗುಡಿಯ ಮುಂದೆ ಅಡ್ಡ ಬಿದ್ದ ಒಂದು ಕೆತ್ತನೆಯ ಕಂಬ ಸಿಕ್ಕೇ ಸಿಗುತ್ತದೆ. ಸಂಜೆ ಅದರ ಮೇಲೆ ನಾಲ್ಕು ಜನ ಕೂತು ಕಡಲೆಯ ರೇಟು ಮಾತಾಡುತ್ತಾರೆ. ಅವರ ಪಾಲಿಗೆ ಅದು ಅವಶೇಷವಲ್ಲ, ಕೂಡುವ ಕಲ್ಲು.

ಬಿದ್ದ ಕಂಬವನ್ನು ದೂರ ನಿಂತು ನೋಡಿ ನಿಟ್ಟುಸಿರು ಬಿಡುವುದು, ಆ ನಿಟ್ಟುಸಿರಿನಲ್ಲೇ ಒಂದು ಸುಖ ಕಾಣುವುದು ಹದಿನೆಂಟನೆಯ ಶತಮಾನದ ಯುರೋಪು ಕಲಿತು ಲೋಕಕ್ಕೆಲ್ಲ ಕಲಿಸಿದ ವಿದ್ಯೆ. ಜ್ಞಾನೋದಯದ ಕಾಲವೆಂದು ಆ ನೂರು ವರ್ಷಕ್ಕೆ ಹೆಸರು. ವಿಚಾರ, ವಿಜ್ಞಾನ, ವಿಶ್ವಕೋಶ ಎಂದು ಮುಂದೆ ಮುಂದೆ ಓಡುತ್ತಿದ್ದ ಜನ, ಅದೇ ಉಸಿರಿನಲ್ಲಿ ಹಿಂದೆ ತಿರುಗಿ ಬಿದ್ದ ಗೋಡೆಗಳನ್ನು ಪ್ರೀತಿಸತೊಡಗಿದರು. 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪೊಂಪೇ ಅಗೆತ ಶುರುವಾಯಿತು. ರಾಬರ್ಟ್ ವುಡ್ ಎಂಬಾತ ಸಿರಿಯಾದ ಮರುಭೂಮಿಗೆ ಹೋಗಿ ಬಂದು 1753ರಲ್ಲಿ ಪಾಲ್ಮೀರಾದ ಅವಶೇಷಗಳ ಪುಸ್ತಕ ತಂದ. ಸ್ಟುವರ್ಟ್ ಮತ್ತು ರೆವೆಟ್ ಜೋಡಿ ಅಥೆನ್ಸಿನ ಗುಡಿಗಳನ್ನು ಅಂಗುಲ ಅಂಗುಲ ಅಳೆದು 1762ರಲ್ಲಿ ಮೊದಲ ಸಂಪುಟ ಹೊರಡಿಸಿತು.

ಅಳೆದವರು ಒಂದು ಬಗೆ, ಉಬ್ಬಿಸಿದವರು ಇನ್ನೊಂದು. ಉಬ್ಬಿಸಿದವರಲ್ಲಿ ದೊಡ್ಡವನು ವೆನಿಸ್ ಕಡೆಯಿಂದ ರೋಮಿಗೆ ಬಂದ ಪಿರನೇಸಿ. ತಾಮ್ರದ ಹಲಗೆಯ ಮೇಲೆ ಗೀರಿ, ಆಮ್ಲದಲ್ಲಿ ಅದ್ದಿ, ಮಸಿ ಹಚ್ಚಿ ಅಚ್ಚು ತೆಗೆಯುವುದು ಅವನ ಕಸುಬು. ರೋಮಿನ ನೋಟಗಳ ಮಾಲೆಯನ್ನು ಸುಮಾರು 1748ರಲ್ಲಿ ಹಿಡಿದವನು 1778ರಲ್ಲಿ ಸಾಯುವವರೆಗೂ ಬಿಡಲಿಲ್ಲ, 135 ಹಲಗೆಗಳಾದವು. ಅವನ ಚಿತ್ರದಲ್ಲಿ ಕಮಾನು ಆಕಾಶ ಮುಟ್ಟುತ್ತದೆ, ಅದರ ಬುಡದಲ್ಲಿ ಮನುಷ್ಯ ಇರುವೆಯಷ್ಟು. ಈ ಅಚ್ಚುಗಳನ್ನು ಮೊದಲೇ ನೋಡಿದ್ದ ಜರ್ಮನ್ ಕವಿ ಗಯಟೆ ಕಡೆಗೂ ರೋಮಿಗೆ ಬಂದಾಗ ನಿಜವಾದ ಕಟ್ಟಡ ಚಿತ್ರಕ್ಕಿಂತ ಸಣ್ಣದಾಗಿ ಕಂಡು ಪೆಚ್ಚಾದ. ಪ್ರವಾಸಿಗೆ ಫೋಟೋ ಮೋಸ ಮಾಡುವುದು ಇನ್‌ಸ್ಟಾಗ್ರಾಂನಿಂದ ಶುರುವಾದದ್ದಲ್ಲ.

ಪಾನೀನಿ ಎಂಬ ಚಿತ್ರಕಾರ ಇನ್ನೂ ಒಂದು ಹೆಜ್ಜೆ ಮುಂದೆ. ಬೇರೆ ಬೇರೆ ಕಡೆ ಇದ್ದ ಕಂಬ, ಗೋಪುರ, ಮೂರ್ತಿಗಳನ್ನೆಲ್ಲ ಒಂದೇ ಕ್ಯಾನ್ವಾಸಿನಲ್ಲಿ ಪಕ್ಕಪಕ್ಕ ನಿಲ್ಲಿಸಿಬಿಡುತ್ತಿದ್ದ. ಗಿರಾಕಿಗಳು ಇಂಗ್ಲೆಂಡಿನ ಶ್ರೀಮಂತರ ಮಕ್ಕಳು. ಅವರಿಗೆ ಒಂದೇ ಚಿತ್ರದಲ್ಲಿ ರೋಮೆಲ್ಲ ಸಿಗಬೇಕಿತ್ತು. ಊರಿಗೆ ಮರಳಿದ ಮೇಲೂ ಹುಚ್ಚು ಇಳಿಯದವರು ತಮ್ಮ ತೋಟದಲ್ಲೇ ಹೊಸ ಪಾಳು ಕಟ್ಟಿಸಿದರು. ಲಂಡನ್ನಿನ ಕ್ಯೂ ತೋಟದಲ್ಲಿ 1759ರಲ್ಲಿ ವಿಲಿಯಂ ಚೇಂಬರ್ಸ್ ಒಡೆದ ಕಮಾನನ್ನು ಒಡೆದಂತೆಯೇ ಕಟ್ಟಿದ. ಅದು ಇಂದಿಗೂ ಹಾಗೇ ನಿಂತಿದೆ. ಪೇನ್ಸ್‌ಹಿಲ್ ಎಂಬ ತೋಟದ ಒಡೆಯನದು ಇನ್ನೂ ಸೊಗಸಾದ ಕಥೆ. ತೋಟಕ್ಕೆ ಶೋಭೆಯಾಗಲೆಂದು ಒಬ್ಬ ಸಂನ್ಯಾಸಿಯನ್ನು ಸಂಬಳಕ್ಕೆ ಇಟ್ಟುಕೊಳ್ಳಲು ಹೊರಟನಂತೆ: ಏಳು ವರ್ಷ ಗಡ್ಡ ತೆಗೆಯದೆ, ಮಾತಾಡದೆ ಇದ್ದರೆ 700 ಪೌಂಡು. ಸಂನ್ಯಾಸಿ ಮೂರೇ ವಾರಕ್ಕೆ ಕೈಕೊಟ್ಟನಂತೆ. ಅದೇ ಕೆಲಸಕ್ಕೆ ನಮ್ಮ ಐಹೊಳೆಯಲ್ಲಿ ಸಂಬಳ ಕೊಡುವ ಅಗತ್ಯ ಬೀಳಲಿಲ್ಲ. ಅಲ್ಲಿನ ಅತಿ ಹಳೆಯ ಗುಡಿಗಳಲ್ಲೊಂದರಲ್ಲಿ ಲಾಡಖಾನ್ ಎಂಬುವರು ಸುಮ್ಮನೆ ಮನೆ ಮಾಡಿಕೊಂಡಿದ್ದರು. ಚಾಲುಕ್ಯರು ಕಟ್ಟಿದ ಆ ಗುಡಿ ಇಂದು ಜಗತ್ತಿನ ಕಲಾಚರಿತ್ರೆಯ ಪುಸ್ತಕಗಳಲ್ಲೆಲ್ಲ ಅವರ ಹೆಸರಿನಲ್ಲೇ ಇದೆ.

ಈ ಹುಚ್ಚಿನ ನಡುವೆ ಒಬ್ಬ ಚಿತ್ರಕಾರನನ್ನು ಮಾತ್ರ ಪಕ್ಕಕ್ಕೆ ಕರೆದು ಕೂರಿಸಿ ಮಾತಾಡಿಸಬೇಕು ಅನ್ನಿಸುತ್ತದೆ. ಹೆಸರು ಯೂಬೇರ್ ರೋಬೇರ್, ಫ್ರಾನ್ಸಿನವನು. 1754ರಲ್ಲಿ ರೋಮಿಗೆ ಹೋಗಿ ಹನ್ನೊಂದು ವರ್ಷ ಅಲ್ಲೇ ಉಳಿದ. ಪಾಳುಗಳ ರೋಬೇರ್ ಎಂಬ ಅಡ್ಡಹೆಸರೇ ಬಿತ್ತು. ಅವನ ಚಿತ್ರದಲ್ಲಿ ಕಂಬ ಮುರಿದಿರುತ್ತದೆ, ಆದರೆ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಯಾರೋ ಬಟ್ಟೆ ಒಣಹಾಕಿರುತ್ತಾರೆ. ಸಾಮ್ರಾಟನ ಸ್ನಾನಗೃಹದ ಕಾರಂಜಿಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಾರೆ, ಆಕಳು ನೀರು ಕುಡಿಯುತ್ತದೆ. ಇದು ಅವನ ಕಲ್ಪನೆಯೇನಲ್ಲ. ಸೀಸರ್ ಓಡಾಡಿದ ರೋಮಿನ ಫೋರಂ ಆಗ ದನದ ಸಂತೆಯ ಬಯಲಾಗಿತ್ತು. ಜನ ಅದನ್ನು ಕರೆಯುತ್ತಿದ್ದದ್ದೇ ದನದ ಬಯಲು ಎಂದು. ಪಿರನೇಸಿಯೂ ಅದೇ ಹೆಸರಿನಲ್ಲಿ ಅದರ ಚಿತ್ರ ತೆಗೆದಿದ್ದಾನೆ. ಅಂದರೆ ಹದಿನೆಂಟನೆಯ ಶತಮಾನದ ರೋಮಿಗೂ ಹತ್ತೊಂಬತ್ತನೆಯ ಶತಮಾನದ ಐಹೊಳೆಗೂ ಬಹಳ ದೂರವಿರಲಿಲ್ಲ.

ರೋಬೇರ್ ಪ್ಯಾರಿಸ್ಸಿಗೆ ಮರಳಿ 1767ರ ಪ್ರದರ್ಶನದಲ್ಲಿ ಚಿತ್ರಗಳನ್ನಿಟ್ಟ. ನೋಡಲು ಬಂದವನು ದೀದೆರೋ, ವಿಶ್ವಕೋಶದ ಸಂಪಾದಕ, ಆ ಕಾಲದ ದೊಡ್ಡ ತಲೆ. ಚಿತ್ರಗಳನ್ನು ಮನಸಾರೆ ಮೆಚ್ಚಿದ. ಲೋಕದಲ್ಲಿ ಎಲ್ಲವೂ ಅಳಿಯುತ್ತದೆ, ಕಾಲವೊಂದೇ ಉಳಿಯುತ್ತದೆ ಎಂಬ ಭಾವ ಪಾಳನ್ನು ನೋಡಿದಾಗ ಹುಟ್ಟುತ್ತದೆಂದು ಪುಟಗಟ್ಟಲೆ ಬರೆದ. ಆಮೇಲೆ ಚಿತ್ರಕಾರನಿಗೆ ಒಂದು ಬುದ್ಧಿಮಾತು ಹೇಳಿದ: ನಿನ್ನ ಚಿತ್ರದಲ್ಲಿ ಮಂದಿ ಹೆಚ್ಚಾಯಿತು, ಮುಕ್ಕಾಲು ಪಾಲನ್ನು ಅಳಿಸಿಬಿಡು, ಏಕಾಂತ ಮತ್ತು ಮೌನವನ್ನು ಹೆಚ್ಚಿಸುವವರನ್ನಷ್ಟೇ ಇಟ್ಟುಕೋ.

ಪಾಳಿನ ಬಗೆಗಿನ ಇನ್ನೂರೈವತ್ತು ವರ್ಷಗಳ ಸರಕಾರಿ ನೀತಿಯೆಲ್ಲ ಈ ಒಂದು ಸಲಹೆಯಲ್ಲಿ ಅಡಗಿದೆ. ಬಟ್ಟೆ ಒಣಹಾಕಿದವಳು ಆಚೆ ಹೋಗಲಿ, ಆಕಳು ಹೋಗಲಿ, ಕಂಬ ಉಳಿಯಲಿ. ಚಿತ್ರದಲ್ಲಿ ಕುಂಚದಿಂದ ಅಳಿಸುವುದು ಸುಲಭ. ನೆಲದ ಮೇಲೆ ಅಳಿಸಲು ನೋಟಿಸು ಬೇಕಾಗುತ್ತದೆ, ಕೆಲವೊಮ್ಮೆ ಜೆಸಿಬಿಯೂ ಬೇಕಾಗುತ್ತದೆ. ರೋಮಿನಲ್ಲಿ ಕಡೆಗೆ ಗಿಡಗಳನ್ನೂ ಬಿಡಲಿಲ್ಲ. ಕೊಲೋಸಿಯಮ್ಮಿನ ಗೋಡೆಗಳಲ್ಲಿ ಬೆಳೆದ 420 ಜಾತಿಯ ಸಸ್ಯಗಳನ್ನು ರಿಚರ್ಡ್ ಡೀಕಿನ್ ಎಂಬ ಇಂಗ್ಲಿಷ್ ವೈದ್ಯ 1855ರಲ್ಲಿ ಪಟ್ಟಿ ಮಾಡಿದ. ಎರಡು ದಶಕ ಕಳೆಯುವುದರೊಳಗೆ ಅವನ್ನೆಲ್ಲ ಕಿತ್ತು ಗೋಡೆ ಬೋಳಿಸಲಾಯಿತು.

ಅದೇ 1855ರಲ್ಲಿ ಮಲಪ್ರಭೆಯ ದಂಡೆಗೆ ಕ್ಯಾಮೆರಾ ಬಂತು.

ಅದಕ್ಕೂ ಮೊದಲು ಕನ್ನಡ ನಾಡಿಗೆ ಬಂದ ಇಂಗ್ಲಿಷ್ ಚಿತ್ರಕಾರರಲ್ಲಿ ಹೆಚ್ಚಿನವರು ಸೈನ್ಯದ ಬೆನ್ನಿಗೆ ಬಂದವರು. 1791–92ರ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿನ ಜೊತೆಗಿದ್ದ ರಾಬರ್ಟ್ ಹೋಮ್ 1794ರಲ್ಲಿ ಮೈಸೂರು ಸೀಮೆಯ ನೋಟಗಳ ಪುಸ್ತಕ ತಂದ. ಬೆಂಗಳೂರಿನ ಕೋಟೆ, ಸಾವನದುರ್ಗ, ಶ್ರೀರಂಗಪಟ್ಟಣ ಎಲ್ಲವೂ ಮೋಡ, ಬಂಡೆ, ಮರಗಳ ಹದವಾದ ಹಿನ್ನೆಲೆಯಲ್ಲಿ. ತೋಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಹೊರಡಿಸಿದ ಪೂರ್ವದೇಶದ ನೋಟಗಳಲ್ಲಿ 144 ಬಣ್ಣದ ಅಚ್ಚುಗಳಿವೆ. ರೋಮ್ ನೋಡಿದ ಕಣ್ಣೇ ಹಿಂದುಸ್ಥಾನವನ್ನೂ ನೋಡಿದ್ದು ಅಲ್ಲಿ ಢಾಳಾಗಿ ಕಾಣುತ್ತದೆ. ವಿಜಯಪುರದ ಗುಮ್ಮಟಗಳ ನಡುವೆ ನಿಂತವರಿಗೆ ಆದಿಲ್‌ಶಾಹಿ ನೆನಪಾಗುವ ಮೊದಲು ರಾಬರ್ಟ್ ವುಡ್ಡನ ಪುಸ್ತಕ ನೆನಪಾಯಿತೋ ಏನೋ, ಇಂಗ್ಲಿಷ್ ಬರಹಗಳಲ್ಲಿ ಆ ಊರಿಗೆ ದಖ್ಖಣದ ಪಾಲ್ಮೀರಾ ಎಂಬ ಹೆಸರು ನಿಂತುಬಿಟ್ಟಿತು.

ಕಾಲಿನ್ ಮೆಕೆಂಜಿಯ ಜಾತಿ ಮಾತ್ರ ಬೇರೆ. ಸ್ಕಾಟ್ಲೆಂಡಿನ ದ್ವೀಪವೊಂದರಿಂದ ಬಂದ ಈ ಸರ್ವೇ ಅಧಿಕಾರಿ 1799ರಲ್ಲಿ ಹಂಪಿಯ ನಕಾಶೆ ಮಾಡಿಸಿದ. ಅವನಿಗೆ ಗುಡಿಯ ಚಿತ್ರವೊಂದೇ ಸಾಲಲಿಲ್ಲ. ಆ ಊರಿನವರು ಆ ಗುಡಿಯ ಬಗ್ಗೆ ಏನು ಹೇಳುತ್ತಾರೆ ಎಂಬುದೂ ಬೇಕಾಯಿತು. ಕಾವಲಿ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಇವರೆಲ್ಲ ಊರೂರು ತಿರುಗಿ ಕೈಫಿಯತ್ತುಗಳನ್ನು ಬರೆಸಿದರು. ಶಾನುಭೋಗ ಹೇಳಿದ್ದು, ಪೂಜಾರಿ ಹೇಳಿದ್ದು, ಮುದುಕ ಹೇಳಿದ್ದು ಎಲ್ಲ ಕಾಗದಕ್ಕೆ ಇಳಿಯಿತು. ದೀದೆರೋ ಅಳಿಸೆಂದ ಮುಕ್ಕಾಲು ಪಾಲು ಮಂದಿಯನ್ನು ಮೆಕೆಂಜಿ ಮರಳಿ ಕರೆದು ಮಾತಾಡಿಸಿದ ಎಂದರೆ ಅತಿಶಯವಾಗದು. ಕಂಪನಿಗೆ ಕಂದಾಯ ಎಷ್ಟು ಬಂದೀತು ಎಂಬ ಲೆಕ್ಕವೂ ಆ ಕೆಲಸದ ಹಿಂದಿತ್ತು ಎಂಬುದು ಬೇರೆ ಮಾತು.

ಇನ್ನು ಕ್ಯಾಮೆರಾ. ಬೊಂಬಾಯಿ ತೋಪಖಾನೆಯ ಕ್ಯಾಪ್ಟನ್ ತೋಮಸ್ ಬಿಗ್ಸ್ ಸರಕಾರಿ ಛಾಯಾಗ್ರಾಹಕನಾಗಿ 1855ರಲ್ಲಿ ವಿಜಯಪುರ, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಚಿತ್ರ ತೆಗೆದ. ಅವನ ನಂತರ ಡಾಕ್ಟರ್ ಪಿಗೋ. ನೀಲ್ ಎಂಬ ಇನ್ನೊಬ್ಬನೂ ಆ ಕಾಲದಲ್ಲಿ ಚಿತ್ರ ತೆಗೆದ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಮುಚ್ಚಳ ತೆಗೆದರೆ ಬಹಳ ಹೊತ್ತು ತೆರೆದೇ ಇಡಬೇಕು. ಅಷ್ಟು ಹೊತ್ತು ಅಲುಗಾಡದೆ ನಿಲ್ಲುವುದು ಕಲ್ಲೊಂದೇ. ಓಡಾಡುವ ಮನುಷ್ಯ ಕಾಗದದ ಮೇಲೆ ಮಂಜಾಗಿ ಕರಗಿಹೋಗುತ್ತಾನೆ. ದೀದೆರೋ ಬಾಯಲ್ಲಿ ಹೇಳಿದ್ದನ್ನು ಯಂತ್ರ ತಾನಾಗಿಯೇ ಮಾಡಿತು.

ಆದರೂ ಬಿಗ್ಸನ ಐಹೊಳೆಯಲ್ಲಿ ಜನರ ಕುರುಹು ಉಳಿದುಕೊಂಡಿದೆ. ಇಂದು ಹುಲ್ಲುಹಾಸಿನ ನಡುವೆ ತೊಳೆದಿಟ್ಟಂತೆ ನಿಂತಿರುವ ದುರ್ಗದ ಗುಡಿಯ ನೆತ್ತಿಯ ಮೇಲೆ ಆಗ ಒರಟು ಕಲ್ಲಿನ ಕಾವಲು ಗೋಡೆ ಇತ್ತು. ಗುಡಿಯೇ ಊರಕೋಟೆಯ ಬುರುಜಾಗಿತ್ತು. ಹೆಸರಿನಲ್ಲಿರುವ ದುರ್ಗ ಆ ಕೋಟೆಯೇ ಹೊರತು ದೇವಿಯಲ್ಲ. ಅಕ್ಕಪಕ್ಕದ ಗುಡಿಗಳಿಗೆ ಅಂಬಿಗೇರ ಗುಡಿ, ಗೌಡರ ಗುಡಿ ಎಂಬ ಹೆಸರುಗಳು. ದೇವರ ಹೆಸರಲ್ಲ, ಒಕ್ಕಲಿದ್ದವರ ಹೆಸರು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯನ್ನು ಐಹೊಳೆಯ ಜನ ಅಕ್ಷರಶಃ ಬಾಳಿ ತೋರಿಸಿದರು. ಕಂಬಕ್ಕೆ ದನ ಕಟ್ಟಿದರು, ಜಗತಿಯ ಮೇಲೆ ಕುಳ್ಳು ತಟ್ಟಿದರು, ನವರಂಗದಲ್ಲಿ ಕಣಿಕೆ ಒಟ್ಟಿದರು. ಹೀಗೆ ಮಾಡಿ ಅವರು ಶಿಲ್ಪಕ್ಕೆ ಹೊಗೆ ಹಿಡಿಸಿದ್ದು ನಿಜ, ಸುಣ್ಣ ಬಳಿದದ್ದೂ ನಿಜ. ಆದರೆ ಸೂರಿನಡಿ ಮನುಷ್ಯ ಇರುವವರೆಗೆ ಚಾವಣಿಯ ಬಿರುಕಿನಲ್ಲಿ ಅರಳಿ ಗಿಡ ಏಳಲು ಬಿಡುವುದಿಲ್ಲ, ನಿಧಿಯ ಆಸೆಗೆ ರಾತ್ರಿ ಲಿಂಗ ಕೀಳುವವನೂ ಹತ್ತಿರ ಸುಳಿಯುವುದಿಲ್ಲ. ಬರಿದಾದ ಗುಡಿಗಳಲ್ಲಿ ಅಗೆದು ಬಿಟ್ಟ ಗರ್ಭಗುಡಿಯ ಗುಂಡಿ ನೋಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಬಿಗ್ಸ್, ಪಿಗೋ, ನೀಲ್ ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ಚಿತ್ರಗಳು 1866ರಲ್ಲಿ ದೊಡ್ಡ ಸಂಪುಟವಾಗಿ ಬಂದವು. ಇತಿಹಾಸ ಬರೆದವನು ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು. ಈ ಸಾಲಿನ ಪುಸ್ತಕಗಳಿಗೆ ದುಡ್ಡು ಕೊಟ್ಟವರು ಪ್ರೇಮಚಂದ ರಾಯಚಂದರಂಥ ಬೊಂಬಾಯಿಯ ಸಾಹುಕಾರರು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು, ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂದ ಕಾಲ ಅದು. ಧಾರವಾಡ ಜಿಲ್ಲೆಯ ಎರೆನೆಲ ಬೆಳೆದ ಅರಳೆಯೂ ಬೊಂಬಾಯಿಯ ಆ ಸಿರಿಯೊಳಗೆ ಸೇರಿತ್ತು. ನರಗುಂದ, ರೋಣದ ರೈತ ತನಗೆ ಗೊತ್ತಿಲ್ಲದೆಯೇ ತನ್ನೂರ ಗುಡಿಯ ಫೋಟೋಗೆ ಚೂರುಪಾರು ವಂತಿಗೆ ಕೊಟ್ಟಿದ್ದಾನೆ ಅನ್ನಬಹುದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಕಂಪನಿಯ ಒಬ್ಬ ನೌಕರ ಜಿಲ್ಲೆಯ ಹಳೆಯ ಪಾಳುಗಳ ಚಿತ್ರ ತೆಗೆಯುತ್ತಿದ್ದ ಆ ವರ್ಷಗಳಲ್ಲೇ ಇನ್ನೊಬ್ಬ ಹೊಸ ಪಾಳು ಮಾಡುತ್ತಿದ್ದ. 1858ರ ಜೂನ್ ಮೊದಲ ವಾರ, ಕಂಪನಿಯ ಮೇಲೆ ತಿರುಗಿಬಿದ್ದ ನರಗುಂದದ ಕೋಟೆ ಬಿತ್ತು. ಬಾಬಾಸಾಹೇಬನೆಂದು ಜನ ಕರೆಯುತ್ತಿದ್ದ ಅರಸ ಭಾಸ್ಕರರಾವ್ ಭಾವೆಯನ್ನು ಅದೇ ತಿಂಗಳ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಶಿರೋಳದ ಬಯಲಿನವರಿಗೆ ನರಗುಂದದ ಗುಡ್ಡ ಪಾಳಿನ ಸೊಬಗಾಗಿ ಎಂದೂ ಕಂಡಿಲ್ಲ, ಅದು ಬಾಬಾಸಾಹೇಬನ ಗುಡ್ಡ.

ಅವಶೇಷ ನೋಡಿ ನಮ್ಮವರೂ ಕಣ್ಣೀರಿಟ್ಟಿದ್ದಾರೆ, ಆದರೆ ಆ ಕಣ್ಣೀರಿನ ರುಚಿ ಬೇರೆ. ರೋಣ ತಾಲೂಕಿನ ಹೊಳೆಆಲೂರಿನ ಮನೆತನದ ಆಲೂರ ವೆಂಕಟರಾಯರು 1905ರಲ್ಲಿ ಹಂಪಿ, ಆನೆಗೊಂದಿಗೆ ಹೋದರು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು ವಯಸ್ಸು. ಕಲ್ಲುಗಳ ನಡುವೆ ನಿಂತವರಿಗೆ ಎಲ್ಲವೂ ಅಳಿಯುತ್ತದೆ ಎಂಬ ವೈರಾಗ್ಯ ಬರಲಿಲ್ಲ. ಇದನ್ನು ಕಟ್ಟಿದವರ ಮಕ್ಕಳಾದ ನಾವೇಕೆ ಹೀಗೆ ಬೊಂಬಾಯಿ, ಮದರಾಸು, ನಿಜಾಮ, ಮೈಸೂರು ಎಂದು ಚದುರಿಹೋಗಿದ್ದೇವೆ ಎಂಬ ಸಂಕಟ ಬಂತು. ಆ ಸಂಕಟ 1917ರಲ್ಲಿ ‘ಕರ್ನಾಟಕ ಗತವೈಭವ’ವಾಯಿತು. 1956ರಲ್ಲಿ ನಾಡು ಒಂದಾದಾಗ ಅದನ್ನು ನೋಡಲು ಅವರು ಬದುಕಿದ್ದರು. ರೋಬೇರ್ ಎಂಬ ಆ ಫ್ರೆಂಚ್ ಚಿತ್ರಕಾರ 1796ರಲ್ಲಿ ಚೆನ್ನಾಗಿಯೇ ನಿಂತಿದ್ದ ಲೂವ್ರ್ ಅರಮನೆಯ ಮೊಗಸಾಲೆಯನ್ನು ಮುಂದೊಂದು ದಿನ ಪಾಳುಬಿದ್ದಂತೆ ಬರೆದ. ನಿಂತದ್ದನ್ನು ಬಿದ್ದಂತೆ ಕಾಣುವುದು ಅವನ ಕಲೆ. ಬಿದ್ದದ್ದನ್ನು ನಿಂತಂತೆ ಕಾಣುವುದು ಆಲೂರರ ಹಟ. ಗತವೈಭವದಲ್ಲಿ ಉತ್ಪ್ರೇಕ್ಷೆ ಇದೆ, ಅಭಿಮಾನ ಕಣ್ಣಿಗೆ ಅಡ್ಡ ಬಂದ ಕಡೆಗಳೂ ಇವೆ. ಪಿರನೇಸಿಯ ಕಮಾನಿನಷ್ಟೇ ಎತ್ತರಕ್ಕೆ ಅವರ ಚಾಲುಕ್ಯರೂ ಬೆಳೆದಿದ್ದಾರೆ. ಆದರೆ ಎರಡು ಉತ್ಪ್ರೇಕ್ಷೆಗಳಲ್ಲಿ ಒಂದು ಗೋಡೆಗೆ ತೂಗುವ ಚಿತ್ರವಾಯಿತು, ಇನ್ನೊಂದು ರಾಜ್ಯವಾಯಿತು.

ಹಾಗೆ ಆದ ರಾಜ್ಯದಲ್ಲೂ ದೀದೆರೋನ ಸಲಹೆ ಊರ್ಜಿತವಾಗಿಯೇ ಉಳಿಯಿತು. 2011ರ ಜುಲೈ ತಿಂಗಳಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದವರನ್ನು ತೆರವುಗೊಳಿಸಿದರು. ಕಾನೂನಿನ ಕಣ್ಣಲ್ಲಿ ಅದು ಅತಿಕ್ರಮಣ. ಆದರೆ ಬಜಾರು ಕಟ್ಟಿದ್ದೇ ವ್ಯಾಪಾರಕ್ಕೆ. ಅಲ್ಲಿ ಮತ್ತೆ ವ್ಯಾಪಾರ ನಡೆದದ್ದು ತಪ್ಪಾಯಿತು, ಖಾಲಿ ಉಳಿದದ್ದು ಸರಿಯಾಯಿತು. ಐಹೊಳೆಯ ಊರನ್ನೂ ಎತ್ತಿ ಬೇರೆ ಕಡೆ ಇಡುವ ಮಾತು ದಶಕಗಳಿಂದ ನಡೆದಿದೆ. ಕೆತ್ತನೆಗೆ ಮೊಳೆ ಹೊಡೆದು ಬೋರ್ಡು ತೂಗಬಾರದು ಎಂಬುದಕ್ಕೆ ಯಾರದೂ ತಕರಾರಿಲ್ಲ. ಮೊಳೆಯ ಜೊತೆಗೆ ಮನುಷ್ಯನನ್ನೂ ಕೀಳಬೇಕೆ ಎಂಬುದು ಪ್ರಶ್ನೆ.

ಈಗ ಹಳೆಯ ಗುಡಿಗಳೆಂದರೆ ಮದುವೆಗೆ ಮುಂಚಿನ ಫೋಟೋ ತೆಗೆಸುವ ಜಾಗ. ವರ ಕಂಬಕ್ಕೆ ಒರಗಿ ದಿಗಂತ ನೋಡಬೇಕು, ವಧುವಿನ ಸೆರಗು ಗಾಳಿಗೆ ಹಾರಬೇಕು. ಹಿಂದಿನ ಜಗತಿಯ ಮೇಲೆ ಕುರಿ ಕಾಯುವ ಮುದುಕ ಕೂತಿರುತ್ತಾನೆ.

“ಯಜ್ಜಾ, ಸ್ವಲ್ಪ ಆ ಕಡೆ ಸರಕೊಳ್ರಿ, ಫೋಟೋದಾಗ ಬರಾಕತ್ತೀರಿ.”

“ಎಲ್ಲಿ ಸರೀಲೋ ತಮ್ಮಾ, ನಾ ಇಲ್ಲೇ ಇರಾಂವ.”

ಮುದುಕ ಸರಿಯದಿದ್ದರೂ ಚಿಂತೆಯಿಲ್ಲ. ಫೋನಿನಲ್ಲಿ ಅವನ ಮೇಲೆ ಬೆರಳು ಉಜ್ಜಿದರೆ ಸಾಕು, ಮುದುಕ ಮಾಯ, ಕುರಿ ಮಾಯ, ಅವರಿದ್ದ ಜಾಗದಲ್ಲಿ ಕಲ್ಲಿನ ಗೋಡೆ ತಾನೇ ತುಂಬಿಕೊಳ್ಳುತ್ತದೆ.

ಹಾಗೆ ಅಳಿಸುವ ಮುಂಚೆ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ತೆಗೆದ ಹಂಪಿಯ ಚಿತ್ರಗಳನ್ನು ಒಮ್ಮೆ ನೋಡಬೇಕು. ಅವುಗಳಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ರಥವಿದೆ, ಶಿಖರವಿಲ್ಲ; 2017ರಲ್ಲಿ ಬಂದ ಐವತ್ತರ ಹೊಸ ನೋಟಿನಲ್ಲಿ ಅಚ್ಚಾದದ್ದೂ ಶಿಖರವಿಲ್ಲದ ರಥವೇ. ಚೆಲುವಿಗೆ ಅಡ್ಡವೆಂದು ಗ್ರೀನ್‌ಲಾ ಆ ಇಟ್ಟಿಗೆಯನ್ನು ತಪ್ಪಿಸಿ ಚಿತ್ರ ತೆಗೆದಿದ್ದರೆ ರಥ ಹುಟ್ಟಿದ್ದೇ ಹೀಗೆ ಎಂದು ನಾವು ನಂಬಿಕೊಂಡಿರುತ್ತಿದ್ದೆವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಏನು ಬಿತ್ತು, ಏನನ್ನು ಎತ್ತಿ ನಿಲ್ಲಿಸಿದರು ಎಂಬ ಲೆಕ್ಕ ಸಿಕ್ಕಿತು.

ಶಿರೋಳದ ಸುತ್ತಲಿನ ಊರುಗಳಿಗೆ ಗ್ರೀನ್‌ಲಾ ಬರಲಿಲ್ಲ, ಹಂಪಿಯ ಭಾಗ್ಯ ಅವಕ್ಕಿಲ್ಲ. ಸೂಡಿಯನ್ನೇ ನೋಡಿ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದಾಗ ಮೆರೆದ ಊರು. ದಂಡನಾಯಕ ನಾಗದೇವನ ಕಾಲದ ಜೋಡುಕಳಸದ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿ ಒಂದನ್ನೊಂದು ನೋಡುತ್ತ ನಿಂತಿವೆ. ಸ್ವಲ್ಪ ದೂರದಲ್ಲಿ ನಾಗಕುಂಡವೆಂಬ ಮೆಟ್ಟಿಲು ಬಾವಿ. ಅಲ್ಲಿಗೆ ಹೋದವರು ಫೋಟೋ ಧಾರಾಳವಾಗಿ ತೆಗೆಯಲಿ. ಎಮ್ಮೆ ಬಂದರೆ ಬರಲಿ, ಒಣಹಾಕಿದ ಸೀರೆ ಬಂದರೆ ಬರಲಿ, ಮುದುಕನಂತೂ ಇರಲೇಬೇಕು. ಅಳಿಸದೆ ಇಟ್ಟುಕೊಂಡು, ಹಿಂದೆ ಊರ ಹೆಸರು ಮತ್ತು ತಾರೀಖು ಬರೆದಿಡಿ.